‘ಪ್ರೈಮರ್’ ಸಿನಿಮಾವನ್ನು ನಾಲ್ಕು ಜನರ ಜೊತೆ ಕೂತು ನೋಡುವುದು ಹೇಗೆ

ಮೊದಲು ಸಬ್‌ಟೈಟಲ್ ಹಾಕಿ. ಬಂದವರಿಗೆ ಇಂಗ್ಲಿಷ್ ಎಷ್ಟೇ ಚೆನ್ನಾಗಿ ಬರಲಿ, ಹಾಕಿ. ‘ಪ್ರೈಮರ್’ನಲ್ಲಿ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಶುರು ಮಾಡುತ್ತಾರೆ. ಅರ್ಧ ವಾಕ್ಯ ಬಾಯಲ್ಲೇ ಉಳಿಯುತ್ತದೆ. ದನಿ ಬೇರೆ ಸಣ್ಣದು. ಶುರುವಿನಲ್ಲೇ ಬೇಸರಪಟ್ಟು ಫೋನ್ ಕೈಗೆತ್ತಿಕೊಂಡವರನ್ನು ನಾನು ತುಂಬಾ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಕಥೆ ಅರ್ಥವಾಗದೆ ಬೇಸರ ಬಂದದ್ದಲ್ಲ, ಮಾತು ಕೇಳಿಸದೆ ಬಂದದ್ದು.

ಎರಡನೆಯದು, ಚಕ್ಕುಲಿ, ಕೋಡುಬಳೆ, ಚಿಪ್ಸ್ ಯಾವುದೂ ಸಿನಿಮಾ ನಡೆಯುವಾಗ ಬೇಡ. ಊಟ ಮೊದಲೇ ಮುಗಿಸಿ. ನಾನು ಬಿಸಿಬೇಳೆಬಾತ್ ಮಾಡಿ ಏಳು ಗಂಟೆಗೇ ಬಡಿಸುತ್ತೇನೆ. ಸಿನಿಮಾ ಇರುವುದು 77 ನಿಮಿಷ ಮಾತ್ರ. ಎಂಟಕ್ಕೆ ಹಾಕಿದರೂ ಒಂಬತ್ತೂವರೆ ಒಳಗೆ ಮುಗಿಯುತ್ತದೆ. ಆಮೇಲೆ ಮಾತಿಗೆ ಕನಿಷ್ಠ ಒಂದು ಗಂಟೆ ಇಟ್ಟುಕೊಳ್ಳಿ, ಯಾಕೆಂದರೆ ಮಾತು ಬಂದೇ ಬರುತ್ತದೆ. ಕಾಫಿಯನ್ನು ಆ ಹೊತ್ತಿಗೆ ಮಾಡಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ‘ಪ್ರೈಮರ್’ 2004ರಲ್ಲಿ ಬಂದ ಅಮೆರಿಕದ ಸಿನಿಮಾ. ಸುಮಾರು 7 ಸಾವಿರ ಡಾಲರ್‌ನಲ್ಲಿ ತೆಗೆದದ್ದು. ಶೇನ್ ಕರೂತ್ ಎಂಬವರು ಬರೆದು, ನಿರ್ದೇಶಿಸಿ, ಸಂಕಲನ ಮಾಡಿ, ಸಂಗೀತ ಕೊಟ್ಟು, ಇಬ್ಬರು ಮುಖ್ಯ ಪಾತ್ರಗಳಲ್ಲಿ ಒಂದನ್ನು ತಾವೇ ಮಾಡಿದ್ದಾರೆ. ಗಣಿತ ಓದಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು ಅವರು. ಆ ವರ್ಷ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಕಥಾಚಿತ್ರ ವಿಭಾಗದ ದೊಡ್ಡ ಬಹುಮಾನವನ್ನೇ ಇದು ಗೆದ್ದಿತು. ಫಿಲ್ಮ್ ರೀಲಿಗೆ ದುಡ್ಡು ಸಾಲದು ಅಂತ ಮೊದಲೇ ಒಂದೊಂದು ಶಾಟನ್ನೂ ಯೋಜಿಸಿ, ಹೆಚ್ಚಿನವನ್ನು ಒಂದೇ ಟೇಕಿನಲ್ಲಿ ತೆಗೆದರು. ಹಾಗಾಗಿ ಅಲ್ಲಿ ಯಾರೂ ನಟಿಸುತ್ತಿದ್ದಾರೆ ಅನ್ನಿಸುವುದೇ ಇಲ್ಲ.

ನಾನಿರುವುದು ಟೆಕ್ಸಾಸ್‌ನ ಪ್ಲೇನೋದಲ್ಲಿ. ಸಿನಿಮಾ ತೆಗೆದದ್ದು ಇಲ್ಲೇ ಡಲ್ಲಾಸ್ ಸುತ್ತಮುತ್ತ. ನನ್ನ ಕೆಲಸ ಹಾರ್ಡ್‌ವೇರ್ ಟೆಸ್ಟಿಂಗ್. ಸಿನಿಮಾದ ನಾಲ್ವರು ಗೆಳೆಯರು ರಾತ್ರಿ ಹೊತ್ತು ಗ್ಯಾರೇಜಿನಲ್ಲಿ ಕೂತು ಪೋಸ್ಟ್‌ನಲ್ಲಿ ಮಾರುವ ಜೆಟ್ಯಾಗ್ ಕಾರ್ಡು ನಾನು ದಿನವೂ ಬಳಸುವ ಜಾತಿಯ ಸಾಮಾನು. ಸರ್ಕ್ಯೂಟ್ ಬೋರ್ಡಿನ ಚಿಪ್‌ಗಳು ಸರಿಯಾಗಿವೆಯಾ ಅಂತ ತಪಾಸಣೆ ಮಾಡುವುದಕ್ಕೆ ಬೇಕಾದದ್ದು. ಆ ಗ್ಯಾರೇಜಿನ ಮಾತುಕತೆ ನಮ್ಮ ಲ್ಯಾಬಿನ ಮಾತುಕತೆಯೇ. ಅದಕ್ಕೇ ಈ ಸಿನಿಮಾ ಮೇಲೆ ನನಗೆ ಇಷ್ಟು ಪ್ರೀತಿ. ಸ್ನೇಹಿತರಿಗೆ, ನೆಂಟರಿಗೆ, ಊರಿಂದ ಬಂದವರಿಗೆ ತೋರಿಸುತ್ತಲೇ ಇರುತ್ತೇನೆ. ಹಾಗೆ ತೋರಿಸುವಾಗ ಯಾವುದು ಕೆಲಸಕ್ಕೆ ಬಂತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಂದೆ ಕಥೆಯ ಗುಟ್ಟುಗಳೂ ಬರುತ್ತವೆ. ನೀವಿನ್ನೂ ನೋಡಿಲ್ಲದಿದ್ದರೆ ಕಾಗದದ ಪಟ್ಟಿಯ ವಿಷಯದವರೆಗೆ ಓದಿ ನಿಲ್ಲಿಸಿ.

ಸಿನಿಮಾ ಹಾಕುವ ಮೊದಲು ಕೆಲವು ವಿಷಯ ಹೇಳಿಬಿಡಿ. ಇದರಿಂದ ಕಥೆಯೇನೂ ಹಾಳಾಗುವುದಿಲ್ಲ. ಅಮೆರಿಕದಲ್ಲಿ ಇರದವರಿಗೆ ಇಲ್ಲಿನ ಮನೆಗಳ ರಚನೆ ಗೊತ್ತಿರುವುದಿಲ್ಲ, ಅಷ್ಟೇ.

ಗ್ಯಾರೇಜ್ ಅಂದರೆ ಗಾಡಿ ರಿಪೇರಿ ಅಂಗಡಿ ಅಲ್ಲ, ಮನೆಗೇ ಅಂಟಿಕೊಂಡಿರುವ ಕಾರು ನಿಲ್ಲಿಸುವ ಕೋಣೆ. ಸ್ಟೋರೇಜ್ ಅಂದರೆ ತಿಂಗಳ ಬಾಡಿಗೆಗೆ ಸಿಗುವ ಸಣ್ಣ ಕೋಣೆ. ಉದ್ದಕ್ಕೆ ಸಾಲಾಗಿ ಶಟರ್ ಬಾಗಿಲುಗಳು. ನಿಮ್ಮ ಬೀಗ ನೀವೇ ಹಾಕಿಕೊಂಡು ಹೋಗಬಹುದು, ಒಳಗೇನಿದೆ ಅಂತ ಯಾರೂ ಕೇಳುವುದಿಲ್ಲ. ಪ್ಲೇನೋದಲ್ಲಿ ಹತ್ತು ನಿಮಿಷ ಕಾರು ಓಡಿಸಿದರೆ ಇಂಥದ್ದೊಂದು ಸಿಕ್ಕೇ ಸಿಗುತ್ತದೆ. ಇಂಥ ಕೋಣೆಯೊಳಗೆ ಯಾರಾದರೂ ಏನನ್ನಾದರೂ ತಿಂಗಳುಗಟ್ಟಲೆ ಬಚ್ಚಿಡಬಹುದು ಅನ್ನುವುದು ಮನಸ್ಸಿನಲ್ಲಿದ್ದರೆ ಅರ್ಧ ಸಿನಿಮಾ ಸಲೀಸು. ಮೂರನೆಯದು ಅಟ್ಟ. ಇಲ್ಲಿನ ಮನೆಗಳ ಚಾವಣಿ ಮೇಲೆ ಮನುಷ್ಯರು ನಿಲ್ಲುವಷ್ಟು ಜಾಗ ಇರುತ್ತದೆ. ಮಡಚುವ ಏಣಿ ಎಳೆದು ಹತ್ತುತ್ತಾರೆ. ಅಟ್ಟ ಇದೆ ಅಂತ ಹೇಳಿ. ಯಾಕೆ ಅಂತ ಹೇಳಬೇಡಿ.

ಇನ್ನೊಂದು, ಇಬ್ಬರ ಹೆಸರು. ಏರನ್ ಮತ್ತು ಏಬ್. ಇಬ್ಬರದೂ ಬಿಳಿ ಶರ್ಟು, ಇಬ್ಬರದೂ ಟೈ, ಇಬ್ಬರ ಹೆಸರೂ ಒಂದೇ ಅಕ್ಷರದಿಂದ ಶುರು. ಮೊದಲ ಸಲ ನೋಡುವವರು ಇಲ್ಲೇ ಎಡವುತ್ತಾರೆ. ಕಪ್ಪು ಕೂದಲಿನವನು ಏರನ್, ಗ್ಯಾರೇಜಿರುವ ಮನೆ ಅವನದು, ಹೆಂಡತಿ ಮಗು ಇದ್ದಾರೆ. ಇನ್ನೊಬ್ಬ ಏಬ್, ಮದುವೆಯಾಗಿಲ್ಲ, ಗೆಳತಿಯ ಹೆಸರು ರೇಚಲ್. ಒಂದು ಚೀಟಿಯಲ್ಲಿ ಬರೆದು ಟಿವಿ ಕೆಳಗೆ ಅಂಟಿಸಿದರೂ ಸರಿಯೇ. ನಾನು ಹಾಗೇ ಮಾಡುತ್ತೇನೆ.

ಏನು ಹೇಳಬಾರದು ಅನ್ನುವುದೂ ಮುಖ್ಯ. ‘ಇದು ತುಂಬಾ ಕಷ್ಟದ ಸಿನಿಮಾ, ಗಮನ ಕೊಟ್ಟು ನೋಡಿ’ ಅಂತ ಮಾತ್ರ ಹೇಳಬೇಡಿ. ಹಾಗಂದ ಕೂಡಲೇ ಎಲ್ಲರೂ ಪರೀಕ್ಷೆಗೆ ಕೂತವರ ಥರ ಆಗುತ್ತಾರೆ. ಒಬ್ಬರು ಎಲ್ಲದಕ್ಕೂ ತಲೆಯಾಡಿಸುತ್ತಾರೆ, ಒಬ್ಬರು ಸೋಲು ಒಪ್ಪಿಕೊಳ್ಳಲು ನಾಚಿ ಸುಮ್ಮನಾಗುತ್ತಾರೆ. ನಾನು ಹೇಳುವುದು ಇಷ್ಟೇ: ಇಬ್ಬರು ಗೆಳೆಯರು, ಕೈಗೊಂದು ದೊಡ್ಡ ವಸ್ತು ಸಿಗುತ್ತದೆ, ಯಾರು ಯಾರಿಗೆ ಏನು ಮುಚ್ಚಿಡುತ್ತಾರೆ ನೋಡ್ತಾ ಇರಿ.

ಮೊದಲ ಭಾಗದಲ್ಲಿ ಸಿನಿಮಾ ನಿಲ್ಲಿಸಬೇಡಿ. ಕಾರಿನ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಿಂದ ಲೋಹ ಕೀಳುವುದು, ಆರ್ಗಾನ್ ಅನಿಲ ತುಂಬುವುದು ಎಲ್ಲ ಬರುತ್ತದೆ. ಇದ್ಯಾಕೆ, ಅದ್ಯಾಕೆ ಅಂತ ಯಾರಾದರೂ ಕೇಳಿದರೆ ಒಂದೇ ಉತ್ತರ ಸಾಕು: ವಸ್ತುವಿನ ತೂಕ ಕಡಿಮೆ ಮಾಡುವ ಯಂತ್ರ ಮಾಡಲು ಹೊರಟಿದ್ದಾರೆ, ಆದರೆ ಅದು ಬೇರೇನೋ ಮಾಡುತ್ತಿದೆ. ಆ ಬೇರೇನೋ ಮೊದಲು ಗೊತ್ತಾಗುವುದು ಸಣ್ಣ ಆಟಿಕೆಯೊಂದರ ಮೇಲೆ ಬೆಳೆದ ಬೂಷ್ಟಿನಿಂದ. ಸಹಜವಾಗಿ ವರ್ಷಗಟ್ಟಲೆ ಹಿಡಿಯಬೇಕಾದಷ್ಟು ಅದು ಕೆಲವೇ ದಿನದಲ್ಲಿ ಕೂತಿರುತ್ತದೆ. ನನಗೆ ಇಡೀ ಸಿನಿಮಾದಲ್ಲಿ ಅತಿ ಇಷ್ಟವಾದ ಭಾಗ ಇದು. ಲ್ಯಾಬಿನಲ್ಲಿ ಹೊಸ ಸಂಗತಿ ಕಣ್ಣಿಗೆ ಬೀಳುವುದು ಹೀಗೇ, ಲೆಕ್ಕಕ್ಕೆ ಸಿಗದ ಒಂದು ಕೊಳೆಯಾಗಿ.

ನಿಲ್ಲಿಸಬೇಕಾದ ಜಾಗ ಒಂದೇ. ಏಬ್ ತನ್ನ ಗೆಳೆಯನ ಕೈಗೆ ದುರ್ಬೀನು ಕೊಟ್ಟು ಸ್ಟೋರೇಜಿನ ಕಡೆ ನೋಡು ಅನ್ನುತ್ತಾನೆ. ಅಲ್ಲಿ ಇನ್ನೊಬ್ಬ ಏಬ್ ನಡೆದುಹೋಗುತ್ತಾನೆ. ಆ ದೃಶ್ಯ ಮುಗಿದ ಮೇಲೆ ನಿಲ್ಲಿಸಿ, ಐದು ನಿಮಿಷ ತೆಗೆದುಕೊಳ್ಳಿ, ಕಾಗದದ ಪಟ್ಟಿ ತನ್ನಿ.

ಅವರ ಯಂತ್ರ ಮಾಡುತ್ತಿದ್ದ ಆ ಬೇರೇನೋ ಅಂದರೆ ಕಾಲಯಾನ. ಮನುಷ್ಯ ಮಲಗುವಷ್ಟು ದೊಡ್ಡ ಪೆಟ್ಟಿಗೆ ಅದು, ಒಳಗೆ ಮಲಗಿದವನು ಕಾಲದಲ್ಲಿ ಹಿಂದಕ್ಕೆ ಹೋಗುತ್ತಾನೆ. ಅದನ್ನು ಕಾಗದದ ಪಟ್ಟಿಯಲ್ಲಿ ತೋರಿಸುವುದು ಹೀಗೆ. ಒಂದು ದೊಡ್ಡ ಹಾಳೆ ಮೇಲೆ ಅಡ್ಡಗೆರೆ ಎಳೆಯಿರಿ. ಎಡಕ್ಕೆ ಬೆಳಗ್ಗೆ 6, ಬಲಕ್ಕೆ ರಾತ್ರಿ 9. ನಡುವೆ ಬೆಳಗ್ಗೆ 9 ಮತ್ತು ಮಧ್ಯಾಹ್ನ 3 ಅಂತ ಎರಡು ಗುರುತು ಹಾಕಿ. 9 ಅಂದರೆ ಪೆಟ್ಟಿಗೆ ಚಾಲೂ ಆದ ಹೊತ್ತು, 3 ಅಂದರೆ ಮನುಷ್ಯ ಒಳಗೆ ಹೋಗುವ ಹೊತ್ತು. ಈಗ ಬೆರಳಗಲದ ಉದ್ದನೆ ಕಾಗದದ ಪಟ್ಟಿಯೊಂದನ್ನು ಗೆರೆ ಮೇಲಿಡಿ. 6ರಿಂದ ಬಲಕ್ಕೆ 3ರವರೆಗೆ ಎಳೆಯಿರಿ. ಅಲ್ಲಿ ಮಡಚಿ ಎಡಕ್ಕೆ 9ರವರೆಗೆ ತನ್ನಿ. ಮತ್ತೆ ಮಡಚಿ ಬಲಕ್ಕೆ ತಿರುಗಿಸಿ, 3 ದಾಟಿ ರಾತ್ರಿ 9ರವರೆಗೆ ಬಿಡಿ. ಈ ಪಟ್ಟಿ ಒಬ್ಬನೇ ಮನುಷ್ಯನ ಆಯಸ್ಸು, ಎಲ್ಲೂ ತುಂಡಾಗಿಲ್ಲ.

ಈಗ 9ಕ್ಕೂ 3ಕ್ಕೂ ನಡುವೆ ಎಲ್ಲಿ ಬೆರಳಿಟ್ಟರೂ ಮೂರು ಪದರ ಸಿಗುತ್ತದೆ. ಮೊದಲನೆಯದು ಹೋಟೆಲ್ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಯಾರ ಸಂಪರ್ಕವೂ ಇಲ್ಲದೆ ಕೂತವನು. ಎರಡನೆಯದು ಪೆಟ್ಟಿಗೆಯೊಳಗೆ ಮಲಗಿ ಹಿಂದಕ್ಕೆ ಹೋಗುತ್ತಿರುವವನು. ಮೂರನೆಯದು 9ಕ್ಕೆ ಹೊರಬಂದು ಊರಲ್ಲಿ ಓಡಾಡುತ್ತಿರುವವನು. 9ಕ್ಕೆ ಮುಂಚೆ ಒಂದೇ ಪದರ, 3 ಆದ ಮೇಲೆ ಒಂದೇ ಪದರ. ದುರ್ಬೀನು ಕೊಟ್ಟ ಏಬ್ ಮೂರನೇ ಪದರದವನು, ಕೆಳಗೆ ನಡೆದುಹೋಗುತ್ತಿರುವವನು ಮೊದಲ ಪದರದ ಕೊನೆಯಲ್ಲಿರುವವನು. ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ಹತ್ತುವುದಿಲ್ಲ. ಕೈಯಲ್ಲಿ ಮಡಚಿದರೆ ಹೈಸ್ಕೂಲು ಮಕ್ಕಳಿಗೂ ಹತ್ತುತ್ತದೆ. ಮಡಚುವ ಕೆಲಸವನ್ನು ನೀವು ಮಾಡಬೇಡಿ, ತುಂಬಾ ಗೊಂದಲವಾದವರ ಕೈಗೆ ಕೊಡಿ.

ಪಟ್ಟಿ ಮುಂದಿಟ್ಟುಕೊಂಡೇ ಮೂರು ನಿಯಮ ಹೇಳಿ. ಪೆಟ್ಟಿಗೆ ಚಾಲೂ ಆಗುವುದಕ್ಕಿಂತ ಹಿಂದಿನ ಕಾಲಕ್ಕೆ ಹೋಗಲು ಆಗುವುದಿಲ್ಲ. ಆರು ಗಂಟೆ ಹಿಂದೆ ಹೋಗಬೇಕಾದರೆ ಒಳಗೆ ಆರು ಗಂಟೆ ಮಲಗಲೇಬೇಕು. ಹೊರಬಂದವನು ಹೋಟೆಲಿನಲ್ಲಿರುವ ತನ್ನ ತಂಟೆಗೆ ಹೋಗಬಾರದು. ಪೆಟ್ಟಿಗೆ ಆನ್ ಮಾಡಿದವನಿಗೂ ಹೊರಬರುವವನಿಗೂ ಬಾಗಿಲಲ್ಲೇ ಮುಖಾಮುಖಿ ಆಗುವುದಿಲ್ವಾ ಅಂತ ಯಾರಾದರೂ ಖಂಡಿತ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಅದಕ್ಕೇ ಟೈಮರ್ ಇಟ್ಟಿದ್ದಾರೆ. ಗುಂಡಿ ಒತ್ತಿ 15 ನಿಮಿಷವಾದ ಮೇಲೆ ಯಂತ್ರ ಶುರುವಾಗುತ್ತದೆ, ಅಷ್ಟರಲ್ಲಿ ಒತ್ತಿದವನು ಜಾಗ ಖಾಲಿ ಮಾಡಿರುತ್ತಾನೆ.

ಪಟ್ಟಿ ಬಿಡಿಸಿ ಅಳೆದು ತೋರಿಸಿದರೆ ಇನ್ನೊಂದು ಸಂಗತಿ ಹೊರಬೀಳುತ್ತದೆ. ಊರಿನವರಿಗೆಲ್ಲ 24 ಗಂಟೆಯ ದಿನ, ಇವರಿಗೆ 36 ಗಂಟೆ. ಆರು ಗಂಟೆ ಹೋಟೆಲಿನಲ್ಲಿ, ಆರು ಗಂಟೆ ಪೆಟ್ಟಿಗೆಯಲ್ಲಿ, ಅದೇ ಆರು ಗಂಟೆ ಮತ್ತೊಮ್ಮೆ ಹೊರಗೆ. ಷೇರಿನಲ್ಲಿ ದುಡ್ಡು ಮಾಡುತ್ತಾರೆ ನಿಜ, ಆದರೆ ಒಂದು ವಾರದಲ್ಲಿ ಅವರ ಮುಖ ಹೇಗಾಗುತ್ತದೆ ಅಂತ ನೋಡಿ. ಕೈಬರಹ ಕೆಡುತ್ತದೆ. ಕಿವಿಯಿಂದ ರಕ್ತ ಬರುತ್ತದೆ. ಬಣ್ಣ, ಮೇಕಪ್ಪು, ಗ್ರಾಫಿಕ್ಸಿಗೆ ದುಡ್ಡಿಲ್ಲದ ಸಿನಿಮಾ ಕಾಲಯಾನದ ಬೆಲೆಯನ್ನು ಹೀಗೆ ಮೈಮೇಲೆ ತೋರಿಸುತ್ತದೆ. ನನಗೆ ಇದರಷ್ಟು ನಂಬುವಂತೆ ಯಾವ ದೊಡ್ಡ ಸಿನಿಮಾವೂ ತೋರಿಸಿಲ್ಲ.

ಪಟ್ಟಿ ಪಕ್ಕಕ್ಕಿಟ್ಟು ಸಿನಿಮಾ ಮುಂದುವರಿಸಿ. ಇನ್ನು ನಿಲ್ಲಿಸಬೇಡಿ. ಯಾರು ಎಷ್ಟೇ ಬೇಡಿಕೊಂಡರೂ ಬೇಡ. ಎರಡನೇ ಅರ್ಧದಲ್ಲಿ ನೋಡುವವರಿಗೆ ಕಾಲು ಕೆಳಗಿನ ನೆಲ ಜಾರಿದಂತೆ ಆಗಲೇಬೇಕು, ಏಕೆಂದರೆ ಏಬ್‌ಗೂ ಹಾಗೇ ಆಗುತ್ತಿರುತ್ತದೆ. ತನಗೆ ಮಾತ್ರ ಗೊತ್ತು ಅಂದುಕೊಂಡದ್ದು ಗೆಳೆಯನಿಗೆ ಮೊದಲೇ ಗೊತ್ತಿತ್ತು ಅಂತ ಅವನಿಗೆ ತಿಳಿಯುವ ಗಳಿಗೆ ಅದು. ಆ ಹೊತ್ತಿನಲ್ಲಿ ನೀವು ವಿವರಣೆ ಕೊಟ್ಟರೆ ಅವನ ಆಘಾತ ನೋಡುವವರಿಗೆ ತಲುಪುವುದೇ ಇಲ್ಲ.

ಮುಗಿದ ಮೇಲೆ ಎರಡು ನಿಮಿಷ ಸುಮ್ಮನಿರಿ. ‘ಅರ್ಥ ಆಯ್ತಾ?’ ಅಂತ ಕೇಳಬೇಡಿ. ‘ಇವರಿಬ್ಬರಲ್ಲಿ ಯಾರ ಜೊತೆ ವ್ಯಾಪಾರ ಮಾಡ್ತೀರಿ?’ ಅಂತ ಕೇಳಿ. ಈ ಪ್ರಶ್ನೆಗೆ ಕಾಲರೇಖೆಯ ಚಾರ್ಟು ಬೇಡ, ಎಲ್ಲರ ಹತ್ತಿರವೂ ಉತ್ತರ ಇರುತ್ತದೆ.

ಹಾಸನದಿಂದ ನಮ್ಮ ಮಾವ ಬಂದಿದ್ದಾಗ ಅವರೂ ಕೂತು ನೋಡಿದರು. ಮೂವರು ಪಾಲುದಾರರ ಹಾರ್ಡ್‌ವೇರ್ ಅಂಗಡಿ ನಡೆಸಿದವರು. ಪೆಟ್ಟಿಗೆ, ಪದರ, ಅದ್ಯಾವುದೂ ಅವರಿಗೆ ಬೇಕಿರಲಿಲ್ಲ. ‘ಶುರುವಿನಲ್ಲಿ ನಾಲ್ಕು ಜನ ಇದ್ದರಲ್ಲಮ್ಮ, ಇನ್ನಿಬ್ಬರನ್ನ ಕೈಬಿಟ್ಟಾಗಲೇ ಮೊದಲನೇ ಮೋಸ ಆಯ್ತು. ಹಾಗೆ ಮಾಡಿದವರು ಆಮೇಲೆ ಒಬ್ಬರನ್ನೊಬ್ಬರು ನಂಬೋದು ಹೇಗೆ?’ ಅಂದರು. ರಾಬರ್ಟ್ ಮತ್ತು ಫಿಲಿಪ್ ಎಂಬ ಆ ಇಬ್ಬರನ್ನು ಚಾರ್ಟು ಬರೆಯುವ ಜನ ಸಾಮಾನ್ಯವಾಗಿ ಮರೆತೇಬಿಟ್ಟಿರುತ್ತಾರೆ. ಅವತ್ತಿನಿಂದ ಚರ್ಚೆಯನ್ನು ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಚಾರ್ಟಿನವರು ಇದ್ದೇ ಇರುತ್ತಾರೆ. ಅವರಿಗೆ ಹಾಳೆ, ಬಣ್ಣದ ಪೆನ್ನು ಕೊಟ್ಟುಬಿಡಿ. ಈ ಸಿನಿಮಾದ ಕಾಲರೇಖೆ ಬಿಡಿಸುವುದು ಜಗತ್ತಿನಾದ್ಯಂತ ಒಂದು ಹವ್ಯಾಸವೇ ಆಗಿದೆ. ಎಕ್ಸ್‌ಕೆಸಿಡಿ ಎಂಬ ಅಂತರ್ಜಾಲದ ಕಾಮಿಕ್ 2009ರಲ್ಲಿ ಕೆಲವು ಸಿನಿಮಾಗಳ ಪಾತ್ರಗಳು ಯಾವಾಗ ಯಾರ ಜೊತೆ ಇದ್ದವು ಅಂತ ಗೆರೆಗಳಲ್ಲಿ ಬರೆದಿತ್ತು. ‘ಪ್ರೈಮರ್’ ಪಾಲಿಗೆ ಬಂದದ್ದು ಬರೀ ಗೋಜಲು ಗೆರೆ. ಅದನ್ನು ತೋರಿಸಿದರೆ ಎಲ್ಲರಿಗೂ ಸಮಾಧಾನವಾಗುತ್ತದೆ.

ಚಾರ್ಟಿನವರಿಗೆ ಒಂದು ಸಹಾಯ ಮಾತ್ರ ಮಾಡಿ. ಏಬ್ ಯಾರಿಗೂ ಹೇಳದೆ ಎರಡನೇ ಪೆಟ್ಟಿಗೆ ಇಟ್ಟಿದ್ದ. ಪ್ರಯೋಗ ಶುರುವಾಗುವ ಮೊದಲೇ ಚಾಲೂ ಮಾಡಿಟ್ಟದ್ದು, ಏನಾದರೂ ಎಡವಟ್ಟಾದರೆ ನಾಲ್ಕು ದಿನ ಹಿಂದೆ ಹೋಗಿ ಎಲ್ಲವನ್ನೂ ತಡೆಯಲು. ಏರನ್ ಅದನ್ನು ಪತ್ತೆ ಮಾಡಿದ್ದ. ಇನ್ನೊಂದು ಪೆಟ್ಟಿಗೆಯನ್ನು ಬಿಚ್ಚಿ, ತನ್ನ ಜೊತೆ ಏಬ್‌ನ ಆ ಗುಟ್ಟಿನ ಪೆಟ್ಟಿಗೆಯೊಳಗೆ ಸಾಗಿಸಿಕೊಂಡು, ಏಬ್‌ಗಿಂತ ಮೊದಲೇ ಹಿಂದೆ ಹೋಗಿದ್ದ. ಹಾಗಾಗಿ ಏಬ್ ಹಿಂದೆ ಬಂದು ಪಾರ್ಕಿನ ಬೆಂಚಿನ ಬಳಿ ಹೋದಾಗ ಎದುರು ಕೂತಿದ್ದವನು ಏನೂ ಗೊತ್ತಿಲ್ಲದ ಹಳೆಯ ಏರನ್ ಅಲ್ಲ. ಇಷ್ಟು ಹಿಡಿದುಕೊಂಡರೆ ಮಿಕ್ಕದ್ದನ್ನು ಅವರೇ ಬಿಡಿಸುತ್ತಾರೆ.

ಗ್ರೇಂಜರ್ ವಿಷಯಕ್ಕೆ ಮಾತ್ರ ಯಾರನ್ನೂ ಗಂಟೆಗಟ್ಟಲೆ ಕೂರಿಸಬೇಡಿ. ರೇಚಲ್‌ಳ ತಂದೆ ಅವನು. ಒಂದು ರಾತ್ರಿ ಗಡ್ಡ ಬೆಳೆದ ಮುಖದಲ್ಲಿ ಎದುರಾಗುತ್ತಾನೆ, ಅದೇ ಹೊತ್ತಿಗೆ ಮನೆಯಲ್ಲಿ ಇನ್ನೊಬ್ಬ ಗ್ರೇಂಜರ್ ಇರುತ್ತಾನೆ. ಅವನಿಗೆ ಪೆಟ್ಟಿಗೆ ಹೇಗೆ ಸಿಕ್ಕಿತು, ಯಾರು ಕೊಟ್ಟರು, ಸಿನಿಮಾ ಹೇಳುವುದಿಲ್ಲ. ಉತ್ತರ ಎಲ್ಲೋ ಬಚ್ಚಿಟ್ಟಿದ್ದಾರೆ ಅಂತ ಹುಡುಕುವವರು ಕೋಪ ಮಾಡಿಕೊಂಡು ಏಳುತ್ತಾರೆ. ನನ್ನ ಪ್ರಕಾರ ಅಲ್ಲಿ ಉತ್ತರ ಇಲ್ಲದಿರುವುದೇ ಸರಿ. ಏಬ್ ಮತ್ತು ಏರನ್ ಮುಂದೆ ಎಂದೋ ತಾವೇ ಮಾಡುವ ಕೆಲಸವೊಂದು ಇವತ್ತೇ ಬಾಗಿಲು ತಟ್ಟಿತು, ಅದೇನೆಂದು ತಿಳಿಯುವ ದಾರಿ ಅವರಿಗೂ ಇಲ್ಲ. ಏಬ್ ಹೆದರಿ ಎಲ್ಲ ನಿಲ್ಲಿಸಲು ಹೊರಡುವುದು ಅದಕ್ಕೇ.

ಕೋಪದವರ ಮಾತನ್ನು ಸುಮ್ಮನೆ ತಳ್ಳಿಹಾಕಬೇಡಿ. ‘ಕಥೆ ಚೆನ್ನಾಗಿದ್ದರೆ ಇಷ್ಟು ಮುಚ್ಚಿಡೋದು ಯಾಕೆ?’ ಅಂತ ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಅದರಲ್ಲಿ ನ್ಯಾಯವಿದೆ. ಕೊನೆಯ ಹದಿನೈದು ಇಪ್ಪತ್ತು ನಿಮಿಷ ಸಿನಿಮಾ ತುಂಬಾ ಅವಸರ ಮಾಡುತ್ತದೆ. ಒಂದೆರಡು ದೃಶ್ಯ ಜಾಸ್ತಿ ಇದ್ದಿದ್ದರೆ ಏನೂ ನಷ್ಟವಾಗುತ್ತಿರಲಿಲ್ಲ. ಇನ್ನೊಂದು ದೂರು ನನ್ನದೂ ಹೌದು. ಏರನ್‌ನ ಹೆಂಡತಿ ಕಾರಾ ಮತ್ತು ರೇಚಲ್ ಇಬ್ಬರಿಗೂ ಮಾತೇ ಇಲ್ಲ ಅನ್ನಬಹುದು. ಗಂಡ ಒಬ್ಬನಲ್ಲ ಇಬ್ಬರಾಗಿ ಓಡಾಡುತ್ತಿದ್ದಾನೆ, ಆ ಮನೆಯ ಹೆಂಗಸಿಗೆ ಏನನ್ನಿಸಿತು ಅಂತ ಸಿನಿಮಾ ಕೇಳುವುದೇ ಇಲ್ಲ. ಹೆಂಗಸರು ಹೆಚ್ಚಿರುವ ಗುಂಪಿನಲ್ಲಿ ತೋರಿಸಿದಾಗಲೆಲ್ಲ ಈ ಮಾತು ಬರುತ್ತದೆ. ಬರಲಿ, ಬೇಕಾದ ಮಾತೇ ಅದು.

ಪಾರ್ಟಿಯ ದೃಶ್ಯದ ಬಗ್ಗೆ ಮಾತ್ರ ನೀವೇ ಎತ್ತಿ ಕೇಳಿ. ರೇಚಲ್ ಇರುವ ಪಾರ್ಟಿಗೆ ಒಬ್ಬ ಬಂದೂಕು ಹಿಡಿದು ಬರುತ್ತಾನೆ. ಏರನ್ ಅವನನ್ನು ತಡೆದು ಎಲ್ಲರ ಕಣ್ಣಲ್ಲಿ ವೀರನಾಗುತ್ತಾನೆ. ಆದರೆ ಆ ರಾತ್ರಿಯನ್ನು ಮತ್ತೆ ಮತ್ತೆ ಬದುಕಿ, ಪ್ರತಿ ಮಾತನ್ನೂ ಪಳಗಿಸಿಕೊಂಡು, ಸರಿಯಾಗಿ ಬರುವವರೆಗೆ ಮಾಡುತ್ತಾನೆ. ಜೀವ ಉಳಿಸಲು ಎಷ್ಟು ಸಲ ಬೇಕಿತ್ತು, ಚಪ್ಪಾಳೆ ಸಿಗಲು ಎಷ್ಟು ಸಲ ಬೇಕಾಯಿತು? ನಮ್ಮ ಮನೆಯಲ್ಲಿ ಅತಿ ಉದ್ದ ಚರ್ಚೆ ನಡೆದದ್ದು ಈ ಪ್ರಶ್ನೆ ಮೇಲೆ. ಕಾಲಯಾನ ಅರ್ಥವಾಗದವರೂ ಇದರಲ್ಲಿ ಪೂರಾ ಭಾಗವಹಿಸುತ್ತಾರೆ.

ಎರಡನೇ ಸಲ ನೋಡುವುದಾದರೆ ಅದೇ ವಾರ ಬೇಡ. ಸ್ವಲ್ಪ ಮರೆಯಲಿ. ಆಗ ಮೂರು ಕಡೆ ಗಮನ ಇಡಿ. ಬೆಂಚಿನ ಮೇಲೆ ಏರನ್ ಕಿವಿಯಲ್ಲಿ ಇಯರ್‌ಫೋನ್ ಇದೆ. ಬ್ಯಾಸ್ಕೆಟ್‌ಬಾಲ್ ಆಟ ಕೇಳುತ್ತಿದ್ದೇನೆ ಅನ್ನುತ್ತಾನೆ. ನಿಜವಾಗಿ ಏನು ಕೇಳುತ್ತಿದ್ದಾನೆ ಅಂತ ಈಗ ನಿಮಗೆ ಗೊತ್ತು: ಅದೇ ಸಂಭಾಷಣೆಯ ಧ್ವನಿಮುದ್ರಣ. ಏಬ್ ಏನು ಹೇಳಲಿದ್ದಾನೆ ಅಂತ ಅವನಿಗೆ ಮೊದಲೇ ಕೇಳಿಸುತ್ತಿದೆ. ಎರಡನೆಯದು ಅಟ್ಟದ ಸದ್ದು. ಮೊದಲ ಸಲ ಇಲಿ ಇರಬೇಕು ಅಂತ ಬಿಟ್ಟಿರುತ್ತೀರಿ. ಮೂರನೆಯದು ಶುರುವಿನಿಂದ ಫೋನಿನಲ್ಲಿ ಕಥೆ ಹೇಳುವ ದನಿ. ಅದು ಯಾರದು, ಯಾರಿಗೆ ಹೇಳುತ್ತಿದೆ ಅಂತ ಕೇಳಿಕೊಂಡು ನೋಡಿದರೆ ಸಿನಿಮಾ ಬೇರೆಯೇ ಆಗಿ ಕಾಣುತ್ತದೆ. ಪಟ್ಟಿಗೆ ಇನ್ನೆರಡು ಬಣ್ಣದ ಪಟ್ಟಿ ಸೇರಿಸಬೇಕಾಗುತ್ತದೆ, ಯಾಕೆಂದರೆ ಓಡಾಡುತ್ತಿರುವ ಏರನ್ ಒಬ್ಬನಲ್ಲ.

ಮೊದಲ ಸಲವೇ ಬೇಡ ಅಂದವರನ್ನು ಇದಕ್ಕೇ ಮತ್ತೆ ಕರೆಯಬೇಡಿ. ಅವರಿಗೆ ಸ್ಪೇನಿನ ನಾಚೋ ವಿಗಲೊಂಡೊ 2007ರಲ್ಲಿ ಮಾಡಿದ ‘ಟೈಮ್‌ಕ್ರೈಮ್ಸ್’ ಹಾಕಿ. ಅಲ್ಲೂ ಒಬ್ಬ ದುರ್ಬೀನು ಹಿಡಿದು ಕೂತಿರುತ್ತಾನೆ, ಹಿಂದೆ ಹೋಗುವುದು ಸುಮಾರು ಒಂದು ಗಂಟೆಯಷ್ಟೇ, ಆದರೆ ಪ್ರತಿ ಹೆಜ್ಜೆಯೂ ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ. ಕಾಗದದ ಪಟ್ಟಿ ಅದಕ್ಕೂ ನಡೆಯುತ್ತದೆ. 2024ರಲ್ಲಿ ಬಂದ ನಮ್ಮ ಕನ್ನಡದ ‘ಬ್ಲಿಂಕ್’ ನೋಡಿ ಖುಷಿಪಟ್ಟವರಿದ್ದರೆ ಅವರಿಗೆ ಕಾಲಯಾನದ ಗಂಟು ಹೊಸದಲ್ಲ, ನೇರವಾಗಿ ‘ಪ್ರೈಮರ್’ಗೆ ಕೂರಿಸಬಹುದು. ಸಬ್‌ಟೈಟಲ್ ಮಾತ್ರ ಅವರಿಗೂ ಹಾಕಿ.